ಎಂಟನೇ ಕ್ಲಾಸಿಗೆ ಸೇರಿದವರೆಲ್ಲಾ ನಮ್ಮವರೇ

ನಾವು 1974ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ದಾವಣಗೆರೆಯ ಒಂದು ಸರ್ಕಾರಿ ಹೈಸ್ಕೂಲು. ಎಂಟನೇ ಕ್ಲಾಸಿಗೆ ಸೇರಿದಾಗ ನಮ್ಮದು ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆ. ಹತ್ತನೇ ಕ್ಲಾಸಿನಲ್ಲಿದ್ದಾಗ, 1973ರ ನವೆಂಬರ್ 1ಕ್ಕೆ, ರಾಜ್ಯದ ಹೆಸರು ಕರ್ನಾಟಕ ಅಂತಾಯಿತು. ದಾವಣಗೆರೆ ತಾನೇ ಒಂದು ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅಷ್ಟೊತ್ತಿಗೆ ನಮ್ಮ ಮಕ್ಕಳೇ ಹೈಸ್ಕೂಲಿಗೆ ಹೋಗುತ್ತಿದ್ದರು. ಈಗ ನಮಗೆಲ್ಲಾ ಅರವತ್ತೇಳು, ಅರವತ್ತೆಂಟು.

ವರ್ಷಕ್ಕೆ ಎರಡು ಸಲ, ಯುಗಾದಿಗೊಂದು ದೀಪಾವಳಿಗೊಂದು, ನಮ್ಮ ಬ್ಯಾಚಿನ ಸುದ್ದಿಪತ್ರ ತರುತ್ತೇನೆ. ನಾಲ್ಕು ಪುಟ, ಜೆರಾಕ್ಸ್ ಮಾಡಿಸಿ ಪಿನ್ ಹೊಡೆದಿದ್ದು. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಯಾರು ತೀರಿಕೊಂಡರು, ಇಷ್ಟೇ ಅದರಲ್ಲಿ ಇರೋದು. ಬೇರೆ ಬ್ಯಾಚಿನವರು ಕೆಲವರು ಹೇಗೆ ಮಾಡ್ತೀರಿ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೆಲಸ ನನ್ನ ಕೈಗೆ ಬರಲು ಕಾರಣ ನನ್ನ ನೌಕರಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೇರೆ ಊರಿಗೆ ಆಪರೇಟರ್ ಮೂಲಕ ಮಾತಾಡುತ್ತಿದ್ದ ಟ್ರಂಕ್ ಕಾಲ್ ಕಾಲದವಳು. ಅರ್ಜೆಂಟ್, ಲೈಟ್ನಿಂಗ್, ಪಿ.ಪಿ. ಕಾಲ್ ಅಂದರೆ ಈಗಿನವರಿಗೆ ಗೊತ್ತಾಗಲ್ಲ. ಪಿ.ಪಿ. ಕಾಲ್‌ನಲ್ಲಿ ಕೇಳಿದ ಮನುಷ್ಯನೇ ಫೋನಿಗೆ ಬರಬೇಕು. ಕಿರಾಣಿ ಅಂಗಡಿಗೆ ಫೋನ್ ಹಾಕಿ, ಎದುರು ಮನೆಯವರನ್ನು ಕರೆಸಿ, ಹೆಸರು ಕೇಳಿ, ಅವರೇ ಹೌದು ಅಂತ ಗಟ್ಟಿ ಮಾಡಿಕೊಂಡ ಮೇಲೆ ಲೈನ್ ಕೊಡುತ್ತಿದ್ದೆವು. ಜನರನ್ನು ಹುಡುಕೋದು, ಹೆಸರು ಎರಡೆರಡು ಸಲ ಕೇಳೋದು, ಕೇಳಿದ್ದನ್ನು ತಿರುಗಿ ಓದಿ ಹೇಳೋದು ಅಲ್ಲಿ ಕಲಿತಿದ್ದು.

ಎಲ್ಲಕ್ಕಿಂತ ಮೊದಲು ಬೇಕಾಗಿದ್ದು ಒಂದು ಪಟ್ಟಿ. ಅಲ್ಲೇ ಮೊದಲ ಜಗಳ. ನಮ್ಮ ಬ್ಯಾಚಿನ ಕೆಲವರು ಒಂದು ಪಟ್ಟಿ ಮಾಡಿಟ್ಟಿದ್ದರು. ಅದರಲ್ಲಿ ಇದ್ದವರೆಲ್ಲಾ ಇಂಜಿನಿಯರು, ಬ್ಯಾಂಕಿನವರು, ಮೇಷ್ಟ್ರು, ಲಾಯರು. ಅಂದರೆ ಎಸ್ಸೆಸ್ಸೆಲ್ಸಿ ಪಾಸಾಗಿ ಮುಂದೆ ಕಾಲೇಜಿಗೆ ಹೋದವರು. ಫೇಲಾದವರು ಎಲ್ಲಿ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ನೋಡಿ ಮಾಡಿದ್ದು ಅಂತ ಒಬ್ಬರು ಹೇಳಿದರು. ಆ ಫೋಟೋದಲ್ಲಿ ದುಡ್ಡು ಕೊಟ್ಟವರು ಮಾತ್ರ ಇದ್ದಾರೆ, ಅದು ಇವರಿಗೆ ಮರೆತೇ ಹೋಗಿತ್ತು.

ನಾನು ಒಂದು ಷರತ್ತು ಹಾಕಿದೆ. 1971ರಲ್ಲಿ ಎಂಟನೇ ಕ್ಲಾಸಿಗೆ ಯಾರು ಸೇರಿದ್ದರೋ ಅವರೆಲ್ಲಾ ನಮ್ಮ ಬ್ಯಾಚು. ಪಾಸಾಗಲಿ, ಬಿಡಲಿ, ಅರ್ಧಕ್ಕೇ ಶಾಲೆ ಬಿಟ್ಟು ಹೋಗಿರಲಿ. ಒಪ್ಪಿದರೆ ಮಾಡ್ತೀನಿ, ಇಲ್ಲದಿದ್ದರೆ ಬೇರೆ ಯಾರಾದರೂ ಮಾಡ್ಕೊಳ್ಳಿ ಅಂದೆ. ಒಂದಿಬ್ಬರು ಮುಖ ಸಿಂಡರಿಸಿದರು. ಆಮೇಲೆ ಒಪ್ಪಿದರು, ಯಾಕಂದರೆ ಬೇರೆ ಯಾರಿಗೂ ಈ ಕೆಲಸ ಬೇಕಿರಲಿಲ್ಲ.

ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ನೋಡಲು ಬರವಣಿಗೆಯಲ್ಲಿ ಅರ್ಜಿ ಕೊಟ್ಟೆ. ಈಗಿನ ಹೆಡ್‌ಮಾಸ್ಟರು ನನಗಿಂತ ಚಿಕ್ಕವರು. ಫೋಟೋ ಹೊಡೆಯಬೇಡಿ ಅಮ್ಮ, ಇಲ್ಲೇ ಕೂತು ಬರ್ಕೊಳ್ಳಿ ಅಂದರು. ಅದು ಸರಿಯೇ. ಆ ಪುಸ್ತಕದಲ್ಲಿ ಜಾತಿ ಇರುತ್ತದೆ, ಇನ್ನೂ ಏನೇನೋ ಇರುತ್ತದೆ. ನಾನು ಬರೆದುಕೊಂಡಿದ್ದು ಹೆಸರು, ತಂದೆ ಹೆಸರು, ಊರು. ಅಷ್ಟೇ ಸಾಕು. ವಿಳಾಸದ ಕೊನೆಗೆ ಪಿನ್ ಕೋಡ್ ಇರಲಿಲ್ಲ, ಪಿನ್ ಕೋಡ್ ಬಂದಿದ್ದೇ 1972ರ ಆಗಸ್ಟ್ 15ಕ್ಕೆ. ಹುಟ್ಟಿದ ದಿನಾಂಕ ನೋಡಿ ಮಾತ್ರ ನಕ್ಕುಬಿಟ್ಟೆ. ಅರ್ಧ ಕ್ಲಾಸು ಜೂನ್ 1ಕ್ಕೇ ಹುಟ್ಟಿದೆ! ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ದಿನ ಅದು. ಆದ್ದರಿಂದ ನಮ್ಮ ಪತ್ರದಲ್ಲಿ ಹುಟ್ಟುಹಬ್ಬದ ಪಟ್ಟಿ ಹಾಕಲ್ಲ.

ಆ ರಿಜಿಸ್ಟರಿನಲ್ಲಿ ಶಾಲೆ ಬಿಟ್ಟ ದಿನಾಂಕದ ಕಾಲಂ ಒಂದಿದೆ. ಒಂಬತ್ತನೇ ಕ್ಲಾಸಿಗೇ ಬಿಟ್ಟ ಹೆಣ್ಣುಮಕ್ಕಳ ಹೆಸರು ಓದುತ್ತಾ ಹೋದ ಹಾಗೆ ಒಬ್ಬೊಬ್ಬರ ಮುಖವೂ ನೆನಪಾಯಿತು. ಯುಗಾದಿ ಆದ ಮೇಲೆ ಲಗ್ನದ ಕಾಲ, ಅಲ್ವಾ. ರಜೆ ಮುಗಿದು ಬಂದಾಗ ಬೆಂಚಿನಲ್ಲಿ ಜಾಗ ಖಾಲಿ ಇರುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

ಗಂಡಸರನ್ನು ಹುಡುಕೋದು ಸುಲಭ. ಕಷ್ಟ ಅಂದರೆ ಒಂದೇ ಹೆಸರಿನವರು ಜಾಸ್ತಿ. ಬಸವರಾಜ ಅಂತ ಕೇಳಿದರೆ ಮಂಡಿಪೇಟೆಯಲ್ಲಿ ಅಂಗಡಿಗೊಬ್ಬ ಸಿಗುತ್ತಾನೆ. ಇನಿಷಿಯಲ್ಲು, ಊರು, ತಂದೆ ಹೆಸರು ಮೂರೂ ಸೇರಿದರೆ ಮಾತ್ರ ನಮ್ಮವನು. ಹೆಣ್ಣುಮಕ್ಕಳದು ಬೇರೆ ಕಥೆ. ಮದುವೆಯಾದ ಮೇಲೆ ಇನಿಷಿಯಲ್ಲು ಬದಲಾಗುತ್ತದೆ, ಎಷ್ಟೋ ಮನೆಗಳಲ್ಲಿ ಹೆಸರೇ ಬದಲಾಗುತ್ತದೆ. ಅವರನ್ನು ಹುಡುಕಲು ನಾನು ತವರುಮನೆಯಿಂದ ಶುರು ಮಾಡಿದೆ. ಅಣ್ಣನೋ ತಮ್ಮನೋ ಇನ್ನೂ ಹಳೇಪೇಟೆಯಲ್ಲೇ ಇರುತ್ತಾನೆ. ಚೌಕಿಪೇಟೆಯಲ್ಲೋ ಕಾಳಿಕಾದೇವಿ ರಸ್ತೆಯಲ್ಲೋ ಅಂಗಡಿ ಇರುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದಲ್ಲ, ಆಗ ಯಾವ ಊರಿನಲ್ಲಿದ್ದರೂ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜಾತ್ರೆಯ ವಾರ ನನ್ನ ಪಟ್ಟಿಯಲ್ಲಿ ಬೇಗ ಬೇಗ ಗುರುತು ಬೀಳುತ್ತವೆ.

ಇನ್ನೊಂದು ಒಳ್ಳೆ ಕಾಲ ನವೆಂಬರ್. ಪೆನ್ಷನ್ನಿನವರು ಬದುಕಿದ್ದೇವೆ ಅಂತ ಬ್ಯಾಂಕಿಗೆ ಜೀವನ ಪ್ರಮಾಣಪತ್ರ ಕೊಡೋ ತಿಂಗಳು. 2014ರಿಂದ ಅದನ್ನು ಮನೆಯಲ್ಲೇ ಕೂತು ಆನ್‌ಲೈನ್ ಮಾಡಬಹುದು. ಆದರೂ ನಮ್ಮ ವಯಸ್ಸಿನವರು ಬ್ಯಾಂಕಿಗೇ ಹೋಗುತ್ತಾರೆ. ಬೆರಳಚ್ಚು ಮೂಡದವರು, ಮೊಬೈಲ್ ಮೇಲೆ ನಂಬಿಕೆ ಇಲ್ಲದವರು, ಸುಮ್ನೆ ನಾಲ್ಕು ಜನರನ್ನು ಮಾತಾಡಿಸೋಣ ಅಂತ ಬಂದವರು. ಆ ಬೆಂಚಿನಲ್ಲಿ ಒಂದು ಗಂಟೆ ಕೂತರೆ ಒಂದಾದರೂ ಹಳೇ ಮುಖ ಸಿಗುತ್ತದೆ. ಸಿಗದಿದ್ದರೆ ಸಿಗೋ ಮನುಷ್ಯನ ಭಾವಮೈದುನ ಸಿಗುತ್ತಾನೆ.

ಫೋನ್ ಮಾಡೋದರಲ್ಲೂ ಒಂದು ರೀತಿ ಇದೆ. ಹೊಸ ನಂಬರಿನಿಂದ ಫೋನ್ ಬಂದರೆ ವಯಸ್ಸಾದವರು ಈಗ ಎತ್ತುವುದಿಲ್ಲ. ಡಿಜಿಟಲ್ ಅರೆಸ್ಟ್ ಅದು ಇದು ಅಂತ ಕೇಳಿ ಹೆದರಿದ್ದಾರೆ, ಮಕ್ಕಳೂ ಎತ್ತಬೇಡಿ ಅಂತ ಹೇಳಿರುತ್ತಾರೆ. ಅದಕ್ಕೆ ಮೊದಲು ಅವರಿಗೆ ಗೊತ್ತಿರೋ ಒಬ್ಬರ ಕೈಲಿ ಹೇಳಿಸುತ್ತೇನೆ, ಆಮೇಲೆ ನಾನು ಮಾಡುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ. ಪೂಜೆ, ತಿಂಡಿ, ಮಾತ್ರೆ ಎಲ್ಲಾ ಮುಗಿದಿರುತ್ತದೆ. ಸಂಜೆ ಸೀರಿಯಲ್ ಟೈಮಿನಲ್ಲಿ ಮಾಡಿದರೆ ಯಾರ ಸುದ್ದಿಯೂ ಸಿಗಲ್ಲ.

ಆರಾಮಾ ಅಂತ ಕೇಳಿದರೆ ಆರಾಮ್ ರೀ ಅನ್ನುತ್ತಾರೆ, ಮುಗೀತು. ಹಾಗಾಗಿ ನಾನು ಹಾಗೆ ಕೇಳುವುದಿಲ್ಲ. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ, ಎದ್ದು ಏನು ಮಾಡ್ತೀರಿ ಅಂತ ಕೇಳುತ್ತೇನೆ. ಮನೆಯಲ್ಲಿ ಈಗ ಯಾರ್ಯಾರು ಇದ್ದೀರಿ ಅಂತ ಕೇಳುತ್ತೇನೆ. ಕಡೇ ಸಲ ಯಾವ ಊರಿಗೆ ಹೋಗಿದ್ರಿ ಅಂತ ಕೇಳುತ್ತೇನೆ. ಇಷ್ಟು ಕೇಳಿದರೆ ಮಂಡಿನೋವೂ ಬರುತ್ತದೆ, ಸೊಸೆಯೂ ಬರುತ್ತಾಳೆ, ಕುಂದವಾಡ ಕೆರೆ ಏರಿ ಮೇಲಿನ ವಾಕಿಂಗೂ ಬರುತ್ತದೆ. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರಾದವರೊಬ್ಬರು ದಿನಾ ಬೆಳಿಗ್ಗೆ ಮೊಮ್ಮಗಳಿಗೆ ಎರಡು ಜಡೆ ಹಾಕೋದು ಕಲಿತಿದ್ದೇನೆ ಅಂದರು. ಅವರ ಸುದ್ದಿ ಅಂತ ಅದನ್ನೇ ಹಾಕಿದೆ. ಅವರು ಯಾವ ಯಾವ ಬ್ರಾಂಚಿನಲ್ಲಿ ಇದ್ದರು ಅನ್ನೋದು ಯಾರಿಗೆ ಬೇಕು?

ಒಂದು ಮಾತು ಹೇಳಬೇಕು. ಹೈಸ್ಕೂಲಿನಲ್ಲಿ ನಾವು ಹುಡುಗಿಯರು ಹುಡುಗರ ಜೊತೆ ಮಾತೇ ಆಡುತ್ತಿರಲಿಲ್ಲ. ಕಾಪಿ ಪುಸ್ತಕ ಬೇಕಿದ್ದರೂ ಮೇಷ್ಟ್ರ ಮೂಲಕ ಕೇಳುತ್ತಿದ್ದೆವು. ಈಗ ಅವರಿಗೆಲ್ಲಾ ನಾನೇ ಫೋನ್ ಮಾಡುತ್ತೇನೆ. ಎರಡೂ ಕಡೆ ಬಹುವಚನ, ನೀವು, ತಾವು. ಒಬ್ಬರು ಮಾತ್ರ ಮೊದಲ ಸಲವೇ ಏನಕ್ಕಾ ಅಂದುಬಿಟ್ಟರು. ನನಗಿಂತ ಎರಡು ತಿಂಗಳು ದೊಡ್ಡವರು ಅವರು!

ಏನು ಹಾಕಲ್ಲ ಅನ್ನೋದನ್ನು ಮೊದಲೇ ಗಟ್ಟಿ ಮಾಡಿಕೊಂಡೆ. ಮಕ್ಕಳ ಸಂಬಳ, ಮನೆ ಕಟ್ಟಿಸಿದ ಖರ್ಚು ಹಾಕಲ್ಲ. ಆಸ್ತಿ ಜಗಳ, ಕೋರ್ಟು, ಸಾಲದ ವಿಷಯ ಕಿವಿಗೆ ಬಿದ್ದರೂ ಹಾಕಲ್ಲ. ಕಾಯಿಲೆ ವಿಷಯ ಅವರೇ ಹಾಕಿ ಅಂದರೆ ಮಾತ್ರ. ಫೋನ್ ನಂಬರು ಕೇಳಿಯೇ ಹಾಕೋದು. ಬರೆದಿದ್ದನ್ನು ಅವರಿಗೇ ಫೋನಿನಲ್ಲಿ ಓದಿ ಹೇಳುತ್ತೇನೆ. ಇದು ತಪ್ಪುವಂತಿಲ್ಲ. ಹೀಗೆ ಓದುವಾಗಲೇ ಎಷ್ಟೋ ಸಲ ನಿಜವಾದ ಸುದ್ದಿ ಹೊರಗೆ ಬರುತ್ತದೆ.

ಒಬ್ಬ ಗೆಳತಿ ಹಿರಿಯೂರಿನಲ್ಲಿದ್ದಾಳೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮದುವೆಯಾದವಳು. ಅವಳ ಸುದ್ದಿ ಬರೆದು ಓದಿ ಹೇಳಿದೆ. ಹೆಸರಿನ ಜೊತೆ ಗಂಡನ ಇನಿಷಿಯಲ್ಲು ಹಾಕಿದ್ದೆ, ಆಧಾರ್ ಕಾರ್ಡಿನಲ್ಲಿ ಹಾಗೇ ಇದೆ ಅಂತ ಅವಳೇ ಹೇಳಿದ್ದಳು. ಓದಿ ಮುಗಿಸಿದೆ. ಆ ಕಡೆಯಿಂದ ಮಾತಿಲ್ಲ. ಲೈನ್ ಕಟ್ಟಾಯ್ತೇನೋ ಅಂತ ಹಲೋ ಹಲೋ ಅಂದೆ.

"ಇದೀನಿ ಕಣೇ," ಅಂದಳು. "ಹಾಜರಿ ಕೂಗುವಾಗ ಹೆಂಗೆ ಕೂಗ್ತಿದ್ರು?"

ಶಾಲೆಯ ಇನಿಷಿಯಲ್ಲು ಹೇಳಿ ಹೆಸರು ಕೂಗಿದೆ.

"ಹಾಂ, ಹಂಗೆ ಹಾಕು. ಅಪ್ಪನ ಹೆಸರು ಸೇರಿಸಿ ಕರೆಯೋರು ಯಾರೂ ಉಳಿದಿಲ್ಲ."

ಆಮೇಲೆ ಎಲ್ಲರಿಗೂ ಶಾಲೆಯ ಹೆಸರೇ ಹಾಕುತ್ತೇನೆ. ಈಗಿನ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬೇಕು ಅಂದವರಿಗೆ ಮಾತ್ರ.

ಇನ್ನು ಸಾವಿನ ಸುದ್ದಿ. ನಮ್ಮ ವಯಸ್ಸಿನಲ್ಲಿ ಇದು ಪ್ರತಿ ಸಂಚಿಕೆಯಲ್ಲೂ ಇರುತ್ತದೆ. ವಾಟ್ಸಾಪಿನಲ್ಲಿ ಒಬ್ಬರು ಏನೋ ಹಾಕಿದರೆ ಸಾಕು, ಹಿಂದೆಯೇ ಓಂ ಶಾಂತಿಯ ಸಾಲು. ಹೋದವರು ಯಾರು ಅಂತ ಸರಿಯಾಗಿ ಓದಿರುವುದೂ ಇಲ್ಲ. ನಾನು ಮನೆಯವರ ಜೊತೆ ಮಾತಾಡುವ ತನಕ ಒಂದಕ್ಷರ ಬರೆಯಲ್ಲ. ದಿನಾ ಬೆಳಿಗ್ಗೆ ನಮ್ಮೂರ ಪೇಪರ್ ಜನತಾವಾಣಿ ಬಂದ ಕೂಡಲೇ ನಿಧನದ ಸುದ್ದಿ, ತೀರಿಕೊಂಡವರ ಶಿವಗಣಾರಾಧನೆಯ ಆಹ್ವಾನ ಇವನ್ನೇ ಮೊದಲು ನೋಡುತ್ತೇನೆ. ಮೊಮ್ಮಗ ನಗುತ್ತಾನೆ, ನಗಲಿ. ಫೋಟೋ ನೋಡಿ ಗುರುತು ಹಿಡಿಯೋದು ಆಗದ ಮಾತು. ಹದಿನೈದರ ಹುಡುಗನ ಮುಖ ಅರವತ್ತೆಂಟರಲ್ಲಿ ಎಲ್ಲಿರುತ್ತದೆ? ಊರು, ಇನಿಷಿಯಲ್ಲು, ಅಣ್ಣತಮ್ಮಂದಿರ ಹೆಸರು ನೋಡಿ ನನ್ನ ಪಟ್ಟಿಗೆ ತಾಳೆ ಹಾಕುತ್ತೇನೆ.

ಮನೆಯವರಿಗೆ ತಕ್ಷಣ ಫೋನ್ ಮಾಡಬಾರದು. ಕಾರ್ಯ ಎಲ್ಲಾ ಮುಗಿದು, ನೆಂಟರು ಹೊರಟುಹೋಗಿ, ಮನೆ ಖಾಲಿ ಆಗುತ್ತದಲ್ಲ, ಆಗ ಹೋಗಬೇಕು. ಆಗಲೇ ಅವರಿಗೂ ಮಾತಾಡಲು ಯಾರಾದರೂ ಬೇಕಾಗಿರುತ್ತದೆ. ಏನಾಗಿತ್ತು, ಯಾವ ಆಸ್ಪತ್ರೆ ಅಂತ ನಾನು ಕೇಳಲ್ಲ. ಅದನ್ನು ಅವರು ಅಷ್ಟರಲ್ಲಿ ಬಂದವರಿಗೆಲ್ಲಾ ಹೇಳಿ ಹೇಳಿ ಸಾಕಾಗಿರುತ್ತಾರೆ. ಹೋದವರಿಗೆ ಯಾವುದಕ್ಕೆ ಸಿಟ್ಟು ಬರುತ್ತಿತ್ತು ಅಂತ ಕೇಳುತ್ತೇನೆ. ಅಳುತ್ತಾ ಕೂತವರೂ ಒಂಚೂರು ನಗುತ್ತಾರೆ. ಸಾರಿಗೆ ಉಪ್ಪು ಕಡಿಮೆ ಆದರೆ, ಫ್ಯಾನ್ ಆಫ್ ಮಾಡದೇ ಹೋದರೆ, ಅಶೋಕ ಟಾಕೀಸ್ ಗೇಟ್ ಹಾಕಿದರೆ! ಆ ರೈಲ್ವೆ ಗೇಟಿನಲ್ಲಿ ನಿಂತು ಸಿಟ್ಟಾಗದವರು ದಾವಣಗೆರೆಯಲ್ಲಿ ಯಾರಿದ್ದಾರೆ ಹೇಳಿ.

ಅಜಾತಶತ್ರು, ಸರಳ ಸಜ್ಜನಿಕೆಯ ಮೂರ್ತಿ, ತುಂಬಲಾರದ ನಷ್ಟ, ಇವೆಲ್ಲಾ ನಮ್ಮ ಪತ್ರದಲ್ಲಿ ಬರುವಂತಿಲ್ಲ. ಸತ್ತವರ ಬಗ್ಗೆ ಎಲ್ಲರಿಗೂ ಹೊಂದುವ ಮಾತು ಬರೆದರೆ ಯಾರ ಬಗ್ಗೆಯೂ ಬರೆದಂತಾಗುವುದಿಲ್ಲ. ಕ್ಲಾಸಿನಲ್ಲಿ ಜೊತೆಗೆ ಕೂತವರಿಗೆ ಮಾತ್ರ ಗೊತ್ತಿರೋ ಒಂದು ವಿಷಯ ಬೇಕು. ಅದು ಸಿಗೋ ತನಕ ನಾಲ್ಕಾರು ಜನಕ್ಕೆ ಫೋನ್ ಮಾಡುತ್ತೇನೆ.

ಹೋದ ವರ್ಷ ನಮ್ಮವರೊಬ್ಬರು ತೀರಿಕೊಂಡರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್, ಗಣಿತ ಎರಡೂ ಹೋಗಿತ್ತು. ಆಗಿನ ಕಾಲಕ್ಕೆ ಫೇಲಾದ ಹುಡುಗನಿಗೆ ಮಿಲ್ಲಿನ ಕೆಲಸ ಇತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಕಾಲ. ಮೊದಲು ಬದಲಿ ಕೆಲಸ, ಆಮೇಲೆ ಕಾಯಂ. ಒಂದೊಂದೇ ಮಿಲ್ಲು ಮುಚ್ಚುತ್ತಾ ಬಂತು. ಇವರದೂ ಮುಚ್ಚಿತು. ಆಮೇಲೆ ಮಂಡಕ್ಕಿ ಭಟ್ಟಿ ಸೇರಿದರು. ಕೊನೇ ತನಕ ಅದೇ.

ಅವರ ಮನೆಗೆ ಹೋದೆ, ಆಜಾದ್ ನಗರದ ಕಡೆ. ಆ ಕಡೆ ಕಾಲಿಟ್ಟರೆ ಗಂಟಲಿಗೆ ಹೊಗೆ, ಜೊತೆಗೆ ಬಿಸಿ ಮರಳಿನಲ್ಲಿ ಅಕ್ಕಿ ಅರಳೋ ವಾಸನೆ. ಮಗನೂ ಭಟ್ಟಿ ಕೆಲಸದವನೇ. ಮೈಮೇಲೆಲ್ಲಾ ಬೂದಿ, ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿದ. ನಾನು ಅವರ ಕ್ಲಾಸ್‌ಮೇಟ್ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಅಪ್ಪ ಹೈಸ್ಕೂಲಿಗೆ ಹೋಗಿದ್ರಾ ಆಂಟಿ, ಯಾವತ್ತೂ ಹೇಳೇ ಇಲ್ಲ ಅಂದ.

ನಮಗೆಲ್ಲಾ ಅವರು ಗೊತ್ತಿದ್ದಿದ್ದು ಅಕ್ಷರಕ್ಕೆ. ಅಷ್ಟು ದುಂಡಗಿನ ಕನ್ನಡ ಅಕ್ಷರ ಕ್ಲಾಸಿನಲ್ಲಿ ಇನ್ನೊಬ್ಬರದಿರಲಿಲ್ಲ. 1973ರ ನವೆಂಬರ್‌ನಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ವಾರ, ಸಮಾಜ ಪಾಠದ ಮೇಷ್ಟ್ರು ಗೋಡೆಯ ಮೇಲಿನ ನಕ್ಷೆ ಇಳಿಸಿ ಮೇಜಿನ ಮೇಲೆ ಹಾಸಿದರು. ಮೈಸೂರು ಅನ್ನೋ ಅಕ್ಷರದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದರು. ಅದರ ಮೇಲೆ ಬರೆಯಲು ಇವರನ್ನು ಕರೆದರು. ನಾವೆಲ್ಲಾ ಮೇಜಿನ ಸುತ್ತ ನಿಂತಿದ್ದೆವು. ಕರ್ನಾಟಕ ಅಂತ ಬರೆದರು. ಅರ್ಕಾವತ್ತು ಹಾಕಿದ ಮೇಲೆ ಪೆನ್ನಿನ ಮಸಿ ಚೂರು ಹರಡಿತು. ಮೇಷ್ಟ್ರು ಏನೂ ಅನ್ನಲಿಲ್ಲ. ಆ ನಕ್ಷೆ ನಾವು ಶಾಲೆ ಬಿಡುವ ತನಕ ಗೋಡೆ ಮೇಲೆ ಇತ್ತು.

ಇದನ್ನು ಮಗನಿಗೆ ಹೇಳಿದೆ. ಒಳಗೆ ಹೋಗಿ ಒಂದು ಲೆಕ್ಕದ ಪುಸ್ತಕ ತಂದ. ಭಟ್ಟಿಯ ಚೀಲದ ಲೆಕ್ಕ, ಅಪ್ಪ ಬರೆದಿಟ್ಟಿದ್ದು. ಅದೇ ಅಕ್ಷರ. ಒಂದು ಪುಟದ ಫೋಟೋ ತೆಗೆದುಕೊಳ್ಳಲಾ ಅಂತ ಕೇಳಿದೆ. ತೊಗೊಳ್ಳಿ ಅಂದ. ಆ ದೀಪಾವಳಿ ಸಂಚಿಕೆಯಲ್ಲಿ ಅವರ ಹೆಸರಿನ ಕೆಳಗೆ ನಕ್ಷೆಯ ವಿಷಯ ಬರೆದು ಆ ಪುಟ ಹಾಕಿದೆವು. ಯಾವ ಸಂಚಿಕೆಗೂ ಬಾರದಷ್ಟು ಫೋನ್ ಬಂದವು. ಫೇಲಾದವರ ಪಟ್ಟಿ ಯಾಕೆ ಅಂದಿದ್ದವರೇ ಮೊದಲು ಮಾಡಿದ್ದು. ಮೇಜಿನ ಆ ಕಡೆ ನಿಂತಿದ್ದು ನಾನೇ ರೀ ಅಂದರು.

ಆಮೇಲೆ ನನಗನ್ನಿಸಿತು, ಇಂಥದ್ದನ್ನು ಸತ್ತ ಮೇಲೆ ಯಾಕೆ ಹಾಕಬೇಕು? ಈಗ ಪ್ರತಿ ಸಂಚಿಕೆಯಲ್ಲೂ ಬದುಕಿರುವ ಇಬ್ಬರ ಬಗ್ಗೆ ಇಂಥ ನೆನಪು ಕೇಳಿ ಹಾಕುತ್ತೇನೆ. ಕಂಠಪಾಠದಲ್ಲಿ ಗೆದ್ದಿದ್ದು, ಖೊಖೊದಲ್ಲಿ ಬಿದ್ದಿದ್ದು, ಮಿಲ್ಲಿನ ಸೈರನ್ ಕೇಳಿ ಬೆಲ್ ಅಂತ ಎದ್ದು ಹೊರಟಿದ್ದು. ಓದಿ ಅವರೇ ಅಲ್ಲಗಳೆಯಬಹುದು, ಜಗಳ ಆಡಬಹುದು. ಆಡಿದ್ದಾರೆ ಕೂಡ.

ತಾಂತ್ರಿಕ ವಿಷಯ ಜಾಸ್ತಿ ಇಲ್ಲ. ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಗೆಳತಿ ಕಂಪ್ಯೂಟರಿನಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್ ಹಾಕಿಕೊಂಡು ಟೈಪ್ ಮಾಡುತ್ತಾಳೆ. ಹಳೇ ನುಡಿ ಅಕ್ಷರ ಹಾಗೇ ಮೊಬೈಲಿಗೆ ಕಳಿಸಿದರೆ ಏನೇನೋ ಚಿಹ್ನೆ ಕಾಣುತ್ತವೆ, ಯೂನಿಕೋಡ್‌ಗೆ ಬದಲಾಯಿಸಿ ಕಳಿಸಬೇಕು. ಕಾಗದದ ಮೇಲೆ ಅಕ್ಷರ ದೊಡ್ಡದಾಗಿರಲಿ, ಹದಿನಾರು ಪಾಯಿಂಟಿಗಿಂತ ಕಡಿಮೆ ಬೇಡ. ಕಣ್ಣಿನ ಪೊರೆ ಆಪರೇಷನ್ ಆದವರಿದ್ದಾರೆ, ಇನ್ನೂ ಮಾಡಿಸದೇ ಹಠ ಹಿಡಿದವರಿದ್ದಾರೆ. ಪೂರ್ತಿ ಓದಲಾಗದವರಿಗೆ ಮೇಷ್ಟ್ರಾಗಿದ್ದ ಒಬ್ಬರು ನಾಲ್ಕೂ ಪುಟ ಓದಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಊರಿನೊಳಗಿನ ಪ್ರತಿಗಳನ್ನು ಸ್ಕೂಟರ್ ಇದ್ದವರು ಹಂಚುತ್ತಾರೆ, ಹೊರಗಿನವು ಅಂಚೆಗೆ. ಖರ್ಚನ್ನು ಕೈಲಾದವರು ಕೊಡುತ್ತಾರೆ. ಯಾರು ಕೊಟ್ಟರು ಅಂತ ಪತ್ರದಲ್ಲಿ ಹಾಕಲ್ಲ.

ಗುರುವಂದನೆ ಕಾರ್ಯಕ್ರಮ ಮಾಡೋಣ ಅಂತ ಪದೇ ಪದೇ ಮಾತು ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೂರು ಗಂಟೆ ಭಾಷಣ. ತೊಂಬತ್ತು ದಾಟಿದ ಮೇಷ್ಟ್ರನ್ನು ವೇದಿಕೆ ಮೇಲೆ ಅಷ್ಟೊತ್ತು ಕೂರಿಸೋದು ಗೌರವವಾ? ನನಗಂತೂ ಇಷ್ಟ ಇಲ್ಲ. ಪತ್ರದ ಪ್ರತಿ ಹಿಡಿದು ಇಬ್ಬಿಬ್ಬರಾಗಿ ಮನೆಗೆ ಹೋಗಿ ಬರೋದು ಮೇಲು. ಮಾಡಬೇಕು ಅನ್ನೋರು ಮಾಡಲಿ, ಸುದ್ದಿ ಹಾಕುತ್ತೇನೆ.

ಪಟ್ಟಿಯಲ್ಲಿ ಇನ್ನೂ ಗುರುತು ಬೀಳದ ಹೆಸರುಗಳಿವೆ, ಹೆಚ್ಚಿನವು ಹೆಣ್ಣುಮಕ್ಕಳವು. ಜಗಳೂರು, ಹರಪನಹಳ್ಳಿ ಕಡೆ ಕೊಟ್ಟಿದ್ದು ಅನ್ನೋದಷ್ಟೇ ಗೊತ್ತು. ಪಟ್ಟಿಯ ಒಂದು ಪ್ರತಿ, ಫೋನ್ ನಂಬರಿನ ಪುಸ್ತಕ ಎರಡನ್ನೂ ಟೈಪಿಸ್ಟ್ ಗೆಳತಿಯ ಹತ್ತಿರವೂ ಇಟ್ಟಿದ್ದೇನೆ. ನನಗೆ ಏನಾದರೂ ಆದರೆ ಬರೆಯೋದು ಅವಳೇ. ನನಗೆ ಯಾವುದಕ್ಕೆ ಸಿಟ್ಟು ಬರುತ್ತದೆ ಅಂತ ಅವಳಿಗೆ ಯಾರೂ ಹೇಳಬೇಕಾಗಿಲ್ಲ.